ಹಾಲೆಂಡಿನಲ್ಲಿ ಸೈಕಲ್ ಗ್ರಿಪ್ಪಿಗೆ ಹೋಲ್‌ಸೇಲರ್ ಹುಡುಕಿದ ಕ್ರಮ

ದೊಡ್ಡ ಡಿಸ್ಟ್ರಿಬ್ಯೂಟರ್ ಒಬ್ಬ ಸಿಕ್ಕಿದರೆ ಉಳಿದದ್ದೆಲ್ಲ ತನ್ನಿಂತಾನೇ ಆಗುತ್ತದೆ ಎಂದು ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಹೇಳದವರಿಲ್ಲ. ಸೈಕಲ್ ಹ್ಯಾಂಡಲಿನ ರಬ್ಬರ್ ಹಿಡಿ, ಅಂದರೆ ಗ್ರಿಪ್ ಮಾರಲು ನಾವು ಹಿಡಿದದ್ದು ಉಲ್ಟಾ ದಾರಿ: ಒಂದೇ ದೇಶ, ಮಧ್ಯಮ ಗಾತ್ರದ ಹೋಲ್‌ಸೇಲರ್, ರಿಪೇರಿ ಅಂಗಡಿಗಳಿಗೆ ವಾರವಾರ ಟ್ಯೂಬು ಕಳಿಸುವವನು. "ಅವನ ಗೋಡೌನ್ ನಮ್ಮದಕ್ಕಿಂತ ಸಣ್ಣದು ಮಾರಾಯ್ರೇ" ಎಂದು ನಕ್ಕವರಿದ್ದರು. ಈಗ ರಿಪೀಟ್ ಆರ್ಡರ್ ತಪ್ಪದೆ ಬರುತ್ತಿದೆ, ನಕ್ಕವರೇ ಅವನ ವಿಳಾಸ ಕೇಳುತ್ತಿದ್ದಾರೆ. ವಿಳಾಸ ಕೊಡಲಿಕ್ಕಿಲ್ಲ, ಕ್ರಮ ಹೇಳಬಹುದು.

ಮಾಲು ಸುಳ್ಯ ಕಡೆಯ ಶೀಟ್ ರಬ್ಬರಿನ ಗ್ರಿಪ್, 22.2 ಮಿಮೀ ಹ್ಯಾಂಡಲಿಗೆ. ಮೊದಲು ಜರ್ಮನಿಯ ಒಂದು ದೊಡ್ಡ ಸಂಸ್ಥೆಗೆ ಕೊಟ್ಟದ್ದು, ಹೆಚ್ಚುಕಮ್ಮಿ 12 ಸಾವಿರ ಜೊತೆ. ಮೊದಲ ಆರ್ಡರ್ ಭರ್ಜರಿ, ಎರಡನೆಯದು ಬರಲೇ ಇಲ್ಲ. ಸಾವಿರಾರು ಐಟಂಗಳ ಕೆಟಲಾಗಿನಲ್ಲಿ ನಮ್ಮದು ಒಂದು ಸಾಲು. ಕೆಟಲಾಗ್ ಶುಲ್ಕ, ಮರುಪ್ಯಾಕಿಂಗ್, ಗೋಡೌನ್ ಬಾಡಿಗೆ ಎಂದು ಬಿಲ್ಲಿನಿಂದ ಸುಮಾರು 6 ಲಕ್ಷ ಮುರಿದುಕೊಂಡರು. ಮೇಲಿಂದ ಇಡೀ ಯುರೋಪಿನ ಏಕಸ್ವಾಮ್ಯ ಅವರ ಕೈಯಲ್ಲಿ, ಬೇರೆಯವರಿಗೆ ಸ್ಯಾಂಪಲ್ ಕಳಿಸುವ ಹಾಗೂ ಇಲ್ಲ. 2023ರ ಹೊತ್ತಿಗೆ ಅಲ್ಲಿನ ದೊಡ್ಡ ಗೋಡೌನುಗಳೆಲ್ಲ ಕೊರೋನಾ ಕಾಲದ ಸ್ಟಾಕಿನಿಂದ ತುಂಬಿದ್ದವು. ಹೊಸ ಮಾಲು ತಳ್ಳುವ ಉಮೇದು ಯಾರಿಗೆ?

ಹಾಲೆಂಡಿನಲ್ಲಿ ಜನರಿಗಿಂತ ಸೈಕಲ್ ಹೆಚ್ಚು, ಆದ್ದರಿಂದ ರಿಪೇರಿ ಅಂಗಡಿಯೂ ಹೆಚ್ಚು. ಜರ್ಮನಿಯವರ ಕರಾರು ಮುಗಿದ ಮೇಲೆ ಡಿಸ್ಟ್ರಿಬ್ಯೂಟರುಗಳ ಪಟ್ಟಿ ಪಕ್ಕಕ್ಕಿಟ್ಟು ಗ್ರೊನಿಂಗನ್, ಜ್ವೊಲ್ಲ, ಐಂಡ್‌ಹೋವನ್ ಕಡೆಯ ಅಂಗಡಿಗಳಿಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: ಟ್ಯೂಬು ಯಾರಿಂದ ತರಿಸುತ್ತೀರಿ? ಗ್ರಿಪ್ಪಿನ ಸುದ್ದಿ ಎತ್ತಬಾರದು, ಎತ್ತಿದರೆ ಮಾರಲು ಬಂದವನೆಂದು ಫೋನ್ ಇಡುತ್ತಾರೆ. ಟ್ಯೂಬು, ಬ್ರೇಕ್ ಶೂ, ಕೇಬಲ್ ವಾರವಾರ ಖಾಲಿಯಾಗುವ ಮಾಲು. ಆರ್ಡರ್ ಒಂದು ಮೊತ್ತ ದಾಟಿದರೆ ಸಾಗಣೆ ಉಚಿತ. ಆ ಮೊತ್ತ ಮುಟ್ಟಿಸಲು ಅಂಗಡಿಯವನು ನಾಲ್ಕು ಜೊತೆ ಗ್ರಿಪ್ ಸೇರಿಸುತ್ತಾನೆ. ಗ್ರಿಪ್ ಹೋಗುವುದೇ ಹೀಗೆ, ಟ್ಯೂಬಿನ ಪೆಟ್ಟಿಗೆಯಲ್ಲಿ ಕುಳಿತು. ಎಲ್ಲರೂ ಮೊದಲು ಹೇಳುವ ಹೆಸರು ಅತಿ ದೊಡ್ಡವರದು, ಅದನ್ನು ಬಿಡಿ. ಎರಡನೆಯದಾಗಿ ಮತ್ತೆ ಮತ್ತೆ ಬರುವ ಹೆಸರು ಹಿಡಿಯಿರಿ.

ಅಂಗಡಿಗಳಿಂದಲೇ ಗೊತ್ತಾದ ಇನ್ನೊಂದು ಸಂಗತಿ ಉಂಟು. ಅಲ್ಲಿನ ಬಹಳಷ್ಟು ಸೈಕಲ್ಲಿಗೆ ಬಲಗೈಯಲ್ಲಿ ತಿರುಗಿಸುವ ಗೇರ್. ಅದು ಜಾಗ ತಿನ್ನುವುದರಿಂದ ಗ್ರಿಪ್ ಎಡಗಡೆ 130 ಮಿಮೀ, ಬಲಗಡೆ 92 ಮಿಮೀ ಬೇಕು. ಎರಡೂ ಒಂದೇ ಉದ್ದದ ಜೊತೆಯನ್ನು ಅಂಗಡಿಯವನು ಚಾಕುವಿನಿಂದ ಕತ್ತರಿಸಬೇಕು, ಹಾಗೆ ಕತ್ತರಿಸುವವನು ಮುಂದಿನ ಸಲ ಬೇರೆ ಬ್ರ್ಯಾಂಡ್ ತರಿಸುತ್ತಾನೆ.

ಬೆಲೆಯನ್ನು ಗಿರಾಕಿ ಕೊಡುವ ದುಡ್ಡಿನಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಒಂದು ಜೊತೆ ಗ್ರಿಪ್ಪಿಗೆ 9.95 ಯೂರೋ. 21 ಶೇಕಡಾ ವ್ಯಾಟ್ ಕಳೆದರೆ 8.20. ಅಂಗಡಿಯವನ ಪಾಲು ನಲವತ್ತು ಚಿಲ್ಲರೆ ಶೇಕಡಾ ಹೋಗಿ 4.80, ಹೋಲ್‌ಸೇಲರನದು ಮೂರನೇ ಒಂದು ಪಾಲು ಹೋಗಿ 3.10–3.20. ಸಾಗಣೆ, ಸುಂಕ, ಕ್ಲಿಯರೆನ್ಸ್ ಸೇರಿ ನಲವತ್ತು ಸೆಂಟ್. ನಮಗೆ ಉಳಿಯುವುದು 2.70 ಯೂರೋದ ಆಸುಪಾಸು. ಇದರೊಳಗೆ ಗಿಟ್ಟದಿದ್ದರೆ ಮೇಲ್ ಹಾಕುವುದೇ ದಂಡ.

ಇನ್ನು ಆಯ್ಕೆ. ನಾವು ಕೇಳುವ ಪ್ರಶ್ನೆಗಿಂತ ಅವರು ಕೇಳುವ ಪ್ರಶ್ನೆ ಮುಖ್ಯ. ಸ್ವತಃ ಆಮದು ಮಾಡುವವನು ಮೊದಲ ವಾರದಲ್ಲೇ ಎಚ್‌ಎಸ್ ಕೋಡ್, ಅಂದರೆ ಸುಂಕಕ್ಕಾಗಿ ಮಾಲನ್ನು ವರ್ಗೀಕರಿಸುವ ಸಂಖ್ಯೆ ಕೇಳುತ್ತಾನೆ. ಸೈಕಲ್ ಭಾಗವೆಂದು 8714 ಬರೆಯುವವರೇ ಹೆಚ್ಚು, ಆದರೆ ಗಟ್ಟಿಯಲ್ಲದ ವಲ್ಕನೈಸ್ಡ್ (ಗಂಧಕ ಸೇರಿಸಿ ಕಾಯಿಸಿದ) ರಬ್ಬರಿನ ಗ್ರಿಪ್ 4016ಕ್ಕೆ ಹೋಗುತ್ತದೆ. ಎರಡನೆಯದು ಪಿಎಎಚ್ ರಿಪೋರ್ಟ್. ಪಿಎಎಚ್ ಎಂದರೆ ಕ್ಯಾನ್ಸರ್ ತರಬಲ್ಲ ಒಂದು ಬಗೆಯ ಹೈಡ್ರೋಕಾರ್ಬನ್ ರಾಸಾಯನಿಕಗಳು. ಕೈಗೆ ತಾಗುವ ರಬ್ಬರಿನಲ್ಲಿ ಪಟ್ಟಿಯ ಎಂಟು ಪಿಎಎಚ್‌ಗಳಲ್ಲಿ ಯಾವುದೂ ಕಿಲೋಗೆ 1 ಮಿಲಿಗ್ರಾಂ ದಾಟಬಾರದು, 2015ರ ಕೊನೆಯಿಂದ ಯುರೋಪಿನಲ್ಲಿ ಇದೇ ನಿಯಮ. ಆರೋಮ್ಯಾಟಿಕ್ ಎಣ್ಣೆ (ರಬ್ಬರ್ ಮೆದುವಾಗಿಸುವ ಪೆಟ್ರೋಲಿಯಂ ಎಣ್ಣೆ) ಹಾಕಿದ ಕಪ್ಪು ರಬ್ಬರ್ ಮಿಶ್ರಣ ಸಾಮಾನ್ಯವಾಗಿ ಫೇಲ್. ಎಣ್ಣೆ ಬದಲಿಸಿ, ಕಾರ್ಬನ್ ಬ್ಲ್ಯಾಕ್ ಬಿಟ್ಟು ಸಿಲಿಕಾ ಹಾಕಿ ಕಂದು ಬಣ್ಣಕ್ಕೆ ಬಂದರೆ ಪಾಸ್. ಪ್ರಮಾಣ ಕೇಳಬೇಡಿ. ಮೂರನೆಯದು ಹೊಣೆ. 2024ರ ಡಿಸೆಂಬರ್ 13ರಿಂದ ಯುರೋಪಿನೊಳಗಿನ ಜವಾಬ್ದಾರನೊಬ್ಬನ ಹೆಸರು, ವಿಳಾಸ ಮಾಲಿನ ಮೇಲೋ ಪ್ಯಾಕೆಟ್ಟಿನ ಮೇಲೋ ಇರಬೇಕು. ತನ್ನ ಹೆಸರು ಹಾಕಲು ಒಪ್ಪದವನ ಜೊತೆ ಮಾತು ಮುಂದುವರಿಸುವುದರಲ್ಲಿ ಅರ್ಥವಿಲ್ಲ. ನಾವು ಕೇಳುವ ಪ್ರಶ್ನೆಯೂ ಒಂದು ಉಂಟು, ಅದು ನಮ್ಮಲ್ಲೇ ಇರಲಿ.

ಮಳೆಗಾಲದ ಬ್ಯಾಚಿನದ್ದು ಬೇರೆಯೇ ತಲೆನೋವು. ಇಲ್ಲಿ ಹೊಳೆಯುತ್ತಿದ್ದ ಗ್ರಿಪ್ ಅಲ್ಲಿ ಪೆಟ್ಟಿಗೆ ಬಿಚ್ಚುವಾಗ ಬಿಳಿ ಹುಡಿ ಬಳಿದ ಹಾಗೆ ಕಾಣುತ್ತದೆ. ಅಂಗಡಿಯವರು ಬೂಸ್ಟು ಎಂದುಕೊಳ್ಳುತ್ತಾರೆ. ಅದು ರಬ್ಬರಿನಲ್ಲಿ ಕರಗಿ ಉಳಿಯದೆ ಮೇಲೆದ್ದ ಗಂಧಕ, ಒರೆಸಿದರೂ ವಾರದಲ್ಲಿ ಮತ್ತೆ ಬರುತ್ತದೆ. ಗಂಧಕ ಇಳಿಸಿ, ರಬ್ಬರ್ ಬೇಗ ಗಟ್ಟಿಯಾಗಿಸುವ ಆಕ್ಸಿಲರೇಟರ್ ಏರಿಸಿದರೆ ನಿಲ್ಲುತ್ತದೆ. ಗ್ರಿಪ್ ಜಾರುವ ಪರೀಕ್ಷೆಗೆ ಲ್ಯಾಬಿಗೆ ಓಡುವ ಮೊದಲು ಇಲ್ಲೇ ನೋಡಬಹುದು: ಹ್ಯಾಂಡಲಿಗೆ ಹಾಕಿ ನೀರಲ್ಲಿ ನೆನೆಸಿ, ಐಸ್‌ಕ್ರೀಂ ಫ್ರೀಜರಿನಲ್ಲಿಟ್ಟು ತೆಗೆದು, ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯುವುದು. ಸೈಕಲ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 4210 ಕೇಳುವುದು 70 ನ್ಯೂಟನ್, ಅಂದರೆ ಏಳು ಕಿಲೋ ಚಿಲ್ಲರೆ. ಹತ್ತು ಕಿಲೋಗೂ ಅಲ್ಲಾಡದಿದ್ದರೆ ನೆಮ್ಮದಿ.

ನಡುವೆ ಗೇರುಬೀಜದ ಸಿಪ್ಪೆ ಎಣ್ಣೆಯಿಂದ ಮಾಡುವ ಫ್ರಿಕ್ಷನ್ ಪುಡಿ ಬೆರೆಸಿ ಬ್ರೇಕ್ ಶೂ ಮಾಡಿ ನೋಡಿದ್ದೂ ಆಯಿತು. ವಾಹನಗಳ ಬ್ರೇಕ್ ಲೈನಿಂಗಿಗೆ ಅದು ಹಳೆಯ ಕಚ್ಚಾಮಾಲು, ಮಂಗಳೂರಿನಲ್ಲಿ ಎಣ್ಣೆಗೆ ಬರವಿಲ್ಲ. ಒಣ ರಿಮ್ಮಿನಲ್ಲಿ ಹಿಡಿತ ಚೆನ್ನಾಗಿತ್ತು, ಆದರೆ ರಿಮ್ಮನ್ನೂ ತಿನ್ನುತ್ತಿತ್ತು. ಹೋಲ್‌ಸೇಲರ್ ಒದ್ದೆ ಬ್ರೇಕಿಂಗ್ ರಿಪೋರ್ಟಿನ ಜೊತೆ ಪ್ರಾಡಕ್ಟ್ ಲಯಬಿಲಿಟಿ ವಿಮೆ ಕೇಳಿದ. ಪ್ರೀಮಿಯಂ ಕೇಳಿ ಅಚ್ಚು ಕಪಾಟಿಗೆ ಸೇರಿತು.

ಕರಾರು ಒಂದು ವರ್ಷದ್ದು, ಕನಿಷ್ಠ ಖರೀದಿ ಬರೆದು, ಹಾಲೆಂಡಿಗೆ ಮಾತ್ರ. ಪಕ್ಕದ ಬೆಲ್ಜಿಯಂ ಸೇರಿಸಿ ಎಂದು ಎಲ್ಲರೂ ಕೇಳುತ್ತಾರೆ. ಅಲ್ಲಿ 1961ರಲ್ಲಿ ಬಂದು ಈಗಲೂ ಇರುವ ನಿಯಮದಂತೆ ಅವಧಿ ಬರೆಯದ ಏಕಸ್ವಾಮ್ಯ ಡಿಸ್ಟ್ರಿಬ್ಯೂಟರನನ್ನು ಬಿಡಬೇಕಾದರೆ ತಕ್ಕ ನೋಟಿಸ್ ಕೊಡಬೇಕು, ಇಲ್ಲವೇ ಪರಿಹಾರ ತೆರಬೇಕು. ಅವಧಿ ಬರೆದರೂ ಎರಡು ಸಲ ನವೀಕರಿಸಿ ಮತ್ತೆ ಮುಂದುವರಿಸಿದರೆ ಅದೇ ಗತಿ. ಟ್ರೇಡ್‌ಮಾರ್ಕ್ ನಮ್ಮ ಹೆಸರಿನಲ್ಲೇ ಇರಬೇಕು. ಒಂದೇ ಅರ್ಜಿಯಲ್ಲಿ ಹಲವು ದೇಶಗಳಲ್ಲಿ ಟ್ರೇಡ್‌ಮಾರ್ಕ್ ಕೇಳುವ ಮ್ಯಾಡ್ರಿಡ್ ವ್ಯವಸ್ಥೆಗೆ ಭಾರತ 2013ರಲ್ಲಿ ಸೇರಿದ ಮೇಲೆ ಇಲ್ಲಿಂದಲೇ ಅರ್ಜಿ ಹಾಕಬಹುದು.

ಎರಡು ಪ್ಯಾಲೆಟ್ಟಿನಷ್ಟು ಮಾಲಿಗೆ ಎಲ್‌ಸಿ (ಹಣ ಪಾವತಿಗೆ ಬ್ಯಾಂಕ್ ಕೊಡುವ ಖಾತರಿ ಪತ್ರ) ಮಾಡಿಸಿದರೆ ಬ್ಯಾಂಕಿನವರೇ ಲಾಭ ತಿನ್ನುತ್ತಾರೆ. 30 ಶೇಕಡಾ ಮುಂಗಡ, ಉಳಿದದ್ದು ಬಿಎಲ್ (ಮಾಲು ಹಡಗಿಗೇರಿದ್ದಕ್ಕೆ ಸಿಗುವ ದಾಖಲೆ) ಪ್ರತಿ ತೋರಿಸಿದಾಗ. ಸಾಲ ಕೊಡುವ ಹಂತಕ್ಕೆ ಬಂದರೆ ರಫ್ತುದಾರರಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಇಸಿಜಿಸಿಯ ಕವರ್. ಅಷ್ಟು ಸಣ್ಣ ಮಾಲಿಗೆ ಮಂಗಳೂರಿನ ಪಣಂಬೂರು ಬಂದರಿನ ಹಡಗು ಕಾಯುವುದಕ್ಕಿಂತ ಕೊಚ್ಚಿ ಬಂದರಿಗೆ ಲಾರಿಯಲ್ಲಿ ಕಳಿಸುವುದು ಬೇಗ. ಕೆಂಪು ಸಮುದ್ರ ಬಿಟ್ಟು ಆಫ್ರಿಕಾ ಸುತ್ತುವ ಹಡಗಾದರೆ ರಾಟರ್‌ಡ್ಯಾಮಿಗೆ ಹತ್ತು ಹದಿನೈದು ದಿನ ಹೆಚ್ಚು ಹಿಡಿಯಿರಿ. ಅಲ್ಲಿ ಮಾರ್ಚಿನಲ್ಲಿ ಬಿಸಿಲು ಬಂದ ಕೂಡಲೇ ರಿಪೇರಿ ಅಂಗಡಿ ತುಂಬುತ್ತದೆ, ಮಾಲು ಫೆಬ್ರವರಿಯೊಳಗೆ ಅವನ ರ‍್ಯಾಕಿನಲ್ಲಿರಬೇಕು. ಆಮೇಲೆ ಪ್ರತಿ ತಿಂಗಳು ಕೇಳಬೇಕಾದದ್ದು ಎಷ್ಟು ಯೂರೋ ವ್ಯಾಪಾರ ಆಯಿತೆಂದಲ್ಲ, ಎಷ್ಟು ಅಂಗಡಿ ಎರಡನೇ ಸಲ ತರಿಸಿಕೊಂಡವು ಎಂದು.