ತಂಬಿಟ್ಟಿನ ದೀಪ ನಾನೇ ಕಟ್ಟಿದ ವರ್ಷ

ನಾನು ಹುಟ್ಟಿದ್ದು ತುಮಕೂರಿನಲ್ಲಿ, ಸೊಸೆಯಾಗಿ ಬಂದಿದ್ದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಗೆ. ತವರಲ್ಲಿ ತಂಬಿಟ್ಟಿನ ದೀಪಕ್ಕೆ ನಾವು ಆರತಿ ಅನ್ನುತ್ತಿದ್ದೆವು. ಇಲ್ಲಿ ದೀಪ ಅಂತಾರೆ, ಮನೆಯೊಳಗೆ ತೆಲುಗಿನಲ್ಲಿ ದೀಪಾಲು. ಅಕ್ಕಿಹಿಟ್ಟು, ಬೆಲ್ಲ ಕಲಸಿ ಗೋಪುರದ ಹಾಗೆ ಕಟ್ಟುತ್ತೇವೆ. ತುದಿಯಲ್ಲಿ ಗುಳಿ ಮಾಡಿ, ತುಪ್ಪ ಹಾಕಿ, ಬತ್ತಿ ಹಚ್ಚಿ, ತಲೆ ಮೇಲೆ ಹೊತ್ತು ಊರಮ್ಮನ ಗುಡಿಗೆ ಹೋಗುತ್ತೇವೆ.

15 ವರ್ಷ ಅತ್ತೆ ಕಟ್ಟಿದರು, ನಾನು ಹೊತ್ತೆ ಅಷ್ಟೇ. ಎರಡು ವರ್ಷದ ಹಿಂದೆ ಅವರ ಬೆರಳ ಗೆಣ್ಣುಗಳು ಊದಿಕೊಂಡವು. "ಈ ಸಲ ನೀನೇ ಕಟ್ಟು" ಅಂದುಬಿಟ್ಟರು.

ಮೊದಲು ಮಾಡಿದ ತಪ್ಪು ಅಂಗಡಿ ಹಿಟ್ಟು ತಂದಿದ್ದು. ಒಣ ಹಿಟ್ಟು ಬೆಲ್ಲ ಹಿಡಿಯಲ್ಲ. ನೀರು ಚಿಮುಕಿಸಿದರೆ ಮೆತ್ತಗಾಗಿ ಕುಸಿಯಿತು, ಬಿಟ್ಟರೆ ಬಿರುಕು. ಅದನ್ನು ರೊಟ್ಟಿಗೆ ಎತ್ತಿಟ್ಟೆ. ಆಮೇಲೆ 2 ಕೆಜಿ ಅಕ್ಕಿ ನೆನೆಸಿ, ನೀರು ಬಸಿದು, ಹಳೇ ಪಂಚೆ ಮೇಲೆ ನೆರಳಲ್ಲಿ ಹರಡಿದೆ. ಕೈಗೆ ತಣ್ಣಗೆ ಹತ್ತಬೇಕು, ಒದ್ದೆಯಾಗಿ ಅಂಟಬಾರದು. ಆ ಹದಕ್ಕೆ ಕಾದು ಕೂತೆ. ಆಮೇಲೆ ಹಿಟ್ಟು ಮಾಡಿದೆ. ಅದನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಲ್ಲಿ ಒತ್ತಿದರೆ ಒಡೆಯಬೇಕು. ಅದಕ್ಕೆ 1 ಕೆಜಿ ಬೆಲ್ಲ ಪುಡಿ ಮಾಡಿ ಹಾಕಿ, ಒರಳಲ್ಲಿ ಕುಟ್ಟಿದೆ. ಕುಟ್ಟುತ್ತಾ ಕುಟ್ಟುತ್ತಾ ಬೆಲ್ಲ ತಾನೇ ಬೆವರುತ್ತದೆ. ನೀರೇ ಬೇಡ. ಇದನ್ನು ಅತ್ತೆ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಅವರಿಗೆ ಇದು ಹೇಳುವ ವಿಷಯ ಅಂತಲೇ ಅನ್ನಿಸಿರಲಿಲ್ಲವೇನೋ.

ಕಷ್ಟ ಇನ್ನೊಂದಿತ್ತು. ರುಚಿ ನೋಡುವ ಹಾಗಿಲ್ಲ. ಊರಮ್ಮನಿಗೆ ತೋರಿಸುವ ತನಕ ನಾಲಿಗೆಗೆ ಮುಟ್ಟಿಸಬಾರದು. ಬೆಲ್ಲ ಸಾಕಾಯಿತಾ ಅಂತ ಬಣ್ಣ ನೋಡಿ ಹೇಳಬೇಕು.

ಸಾಲದ್ದಕ್ಕೆ ಆ ವಾರವೇ ನಮ್ಮ ರೇಷ್ಮೆ ಹುಳ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಿತ್ತು. ಆಗ ಅವು ತಿನ್ನುವ ಸೊಪ್ಪಿಗೆ ಲೆಕ್ಕವಿಲ್ಲ. ಹುಳದ ಮನೆಗೆ ಹೋಗುವ ಮುಂಚೆ ಕೈಕಾಲು ತೊಳೆಯಬೇಕು, ಹುಳ ಮುಟ್ಟಿ ಬಂದು ದೀಪಕ್ಕೆ ಕೈ ಹಾಕಬೇಕಾದರೆ ಸ್ನಾನ. ಒಂದೇ ದಿನ ಮೂರು ಸಲ ತಲೆಗೆ ನೀರು ಹಾಕಿಕೊಂಡೆ. ಯಾವ ಮಡಿ ದೊಡ್ಡದು ಅಂತ ಕೇಳಿದರೆ ಹುಳದ್ದೇ ಅಂತೀನಿ. ಗಂಗಮ್ಮ ತಪ್ಪು ಮನ್ನಿಸುತ್ತಾಳೆ, ಹುಳ ಮನ್ನಿಸಲ್ಲ.

ನಮ್ಮೂರಲ್ಲಿ ದೀಪ ಮೊದಲು ಗಂಗಮ್ಮನಿಗೆ, ಆಮೇಲೆ ಸಪ್ಪಲಮ್ಮನಿಗೆ. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ಸಪ್ತಮಾತೃಕೆಯರ, ಅಂದರೆ ಏಳು ತಾಯಂದಿರ, ವಿಗ್ರಹಗಳಿವೆ. ನಮ್ಮ ಸಪ್ಪಲಮ್ಮ ಅಂದರೆ ಬೇವಿನ ಮರದ ಕೆಳಗೆ ಕಣ್ಣು ಮೂಗಿಲ್ಲದ ಏಳು ಕಲ್ಲು, ಅರಿಶಿನ ಕುಂಕುಮ. ಅಷ್ಟೇ.

ಮಂಗಳವಾರ ಸಂಜೆ ತಮಟೆ ಶುರುವಾಯಿತು. ಈಗ ಕೆಲವರ ದೀಪ ಆಳೆತ್ತರ ಇರುತ್ತವೆ. ಒಳಗೆ ಥರ್ಮಾಕೋಲು, ಹೊರಗೆಲ್ಲ ಚಿಕ್ಕಬಳ್ಳಾಪುರ ಮಾರ್ಕೆಟ್ಟಿನ ಸೇವಂತಿಗೆ. ಹಿಟ್ಟು ಹುಡುಕಬೇಕು. ನೋಡಲು ಚಂದ, ಇಲ್ಲ ಅನ್ನಲ್ಲ. ನನ್ನದು ಒಂದು ಮೊಳ. ಸುತ್ತ ಕನಕಾಂಬರ, ಹಂಚಿಕಡ್ಡಿಯಲ್ಲಿ ಚುಚ್ಚಿದ ನಾಲ್ಕು ಸೇವಂತಿಗೆ.

ತಮಟೆ ಬಡಿಯುವವರು ಕಾಲೋನಿಯವರು. ಅವರಿಲ್ಲದೆ ನಮ್ಮ ದೀಪ ಹೊರಡುವುದಿಲ್ಲ. ಅವರ ಮನೆಯ ದೀಪ ಮಾತ್ರ ನಮ್ಮದೆಲ್ಲ ಮುಗಿದ ಮೇಲೆ ಬೇರೆ ಬರುತ್ತದೆ. ಯಾಕೆ ಅಂತ ಕೇಳಿದ್ದೆ. "ಮೊದಲಿಂದ ಹಂಗೇ" ಅಂದರು. ಆ ಉತ್ತರ ನನಗೆ ಇನ್ನೂ ಗಂಟಲಿಂದ ಇಳಿದಿಲ್ಲ. ಆದರೂ ಪ್ರತಿ ವರ್ಷ ಅದೇ ಸಾಲಿನಲ್ಲಿ ನಡೆಯುತ್ತೇನೆ.

ಗುಡಿಗೆ ಇನ್ನು ನಾಲ್ಕು ಮನೆ ಇರುವಾಗ ಹಣೆ ಮೇಲೆ ಬಿಸಿ ತುಪ್ಪ ಇಳಿಯಿತು. ಸಿಂಬೆ ಜರುಗಿ ದೀಪ ಒಂದು ಪಕ್ಕ ಸೀಳಿತ್ತು. ಎದೆ ಧಸಕ್ಕೆಂದಿತು. ದೀಪ ಒಡೆದರೆ ಮನೆಗೆ ಕೇಡು ಅಂತ ಕೇಳಿದ್ದೆ. ಹಿಂದಿದ್ದ ಮುದುಕಮ್ಮ ನನ್ನನ್ನು ನಿಲ್ಲಿಸಿ, ತನ್ನ ದೀಪದ ಬುಡದಿಂದ ಒಂದು ಚೂರು ಹಿಟ್ಟು ಕಿತ್ತು, ಎಂಜಲು ಮಾಡದೆ ಒದ್ದೆ ಸೆರಗಿನ ನೀರಲ್ಲೇ ನೆನೆಸಿ, ಸೀಳಿಗೆ ಮೆತ್ತಿ ಹೆಬ್ಬೆರಳಲ್ಲಿ ಒತ್ತಿದರು. "ಏಮೀ ಕಾದಮ್ಮಾ, ನಡು" ಅಂದರು. ಏನೂ ಆಗಲ್ಲ, ನಡಿ ಅಂತ. ಬತ್ತಿ ಆರಲಿಲ್ಲ.

ಮಾರನೇ ದಿನ ದೀಪ ಮುರಿದು ಹಂಚಿದೆವು. ತುಪ್ಪ ಕುಡಿದ ತುದಿ, ಸ್ವಲ್ಪ ಮಸಿ ಹಿಡಿದದ್ದು, ಅದು ಯಾವಾಗಲೂ ಅತ್ತೆಗೆ. ಬಾಯಿಗೆ ಹಾಕಿಕೊಂಡು ಸುಮಾರು ಹೊತ್ತು ಚಪ್ಪರಿಸಿದರು. ನಾನು ಮುಖ ನೋಡುತ್ತಾ ನಿಂತೆ.

"ಬೆಲ್ಲ ಕಮ್ಮಿ" ಅಂದರು. ಇನ್ನೊಂದು ಚೂರಿಗೆ ಕೈ ಚಾಚಿದರು.