ಪಿಎಚ್‌ಡಿಯನ್ನೂ ಲೈಬ್ರರಿಯನ್ನೂ ಒಟ್ಟಿಗೆ ಮುಗಿಸಿದ ಬಗೆ

ಯಂತ್ರಕಲಿಕೆಯ ಮಾಡೆಲ್ ಒಂದು ಉತ್ತರ ಕೊಟ್ಟಾಗ ಅದನ್ನು ಎಷ್ಟರ ಮಟ್ಟಿಗೆ ನಂಬಬಹುದೆಂದು ಆ ಮಾಡೆಲ್‌ನಿಂದಲೇ ಪ್ರಾಮಾಣಿಕವಾಗಿ ಹೇಳಿಸುವುದು ಹೇಗೆ ಎಂಬುದು ನನ್ನ ಪಿಎಚ್‌ಡಿಯ ಪ್ರಶ್ನೆಯಾಗಿತ್ತು. ವಿಶ್ವಾಸಾರ್ಹ ಎಐ ಎಂಬ ದೊಡ್ಡ ಹೆಸರಿನಡಿ ತಾರತಮ್ಯದ ನಿವಾರಣೆ, ವಿವರಣೆ, ಖಾಸಗಿತನ, ಸುರಕ್ಷತೆ ಎಲ್ಲವೂ ಬರುತ್ತವೆ. ನಾನು ಹಿಡಿದದ್ದು ಅನಿಶ್ಚಿತತೆಯ ಎಳೆಯೊಂದನ್ನು ಮಾತ್ರ. ಬೆಂಗಳೂರಿನಲ್ಲಿ ಪೂರ್ಣಾವಧಿ ಸಂಶೋಧನಾ ವಿದ್ಯಾರ್ಥಿಯಾಗಿದ್ದುಕೊಂಡೇ ಇದೇ ವಿಷಯದ ಪೈಥಾನ್ ಲೈಬ್ರರಿಯೊಂದನ್ನು, ಅಂದರೆ ಬೇರೆಯವರೂ ತಮ್ಮ ಪ್ರೋಗ್ರಾಂಗಳಲ್ಲಿ ಬಳಸಬಹುದಾದ ಸಿದ್ಧ ಕೋಡಿನ ಕಟ್ಟನ್ನು, ಮುಕ್ತ ತಂತ್ರಾಂಶವಾಗಿ ಕಟ್ಟಿ, ಗುರುತು ಪರಿಚಯವಿಲ್ಲದವರೂ ಬಳಸುವ ಹಂತಕ್ಕೆ ತಂದೆ. ಎರಡೂ ಒಟ್ಟಿಗೆ ಹೇಗೆ ಮುಗಿದವೆಂದು ಕೇಳುವ ಕಿರಿಯ ಸಂಶೋಧಕರು ಸಾಮಾನ್ಯವಾಗಿ ಸಮಯ ಹೊಂದಿಸಿಕೊಂಡ ಗುಟ್ಟನ್ನು ಕೇಳುತ್ತಾರೆ. ಸಮಯದ ಮಾತು ಆಮೇಲಿನದು. ಪ್ರಬಂಧದಲ್ಲಿ ನಾನು ಮಂಡಿಸುವ ವಾದವೂ ತಂತ್ರಾಂಶ ಸರಿಯಿದೆಯೇ ಎಂದು ನೋಡಲು ನಾನು ಬರೆಯುವ ಟೆಸ್ಟೂ ಒಂದೇ ಆಗುವಂತೆ ವಿಷಯವನ್ನು ಮೊದಲೇ ಕತ್ತರಿಸಿಕೊಂಡಿದ್ದರಿಂದ ಅದು ಕೈಗೂಡಿತು ಎಂಬುದು ನನ್ನ ಅಭಿಪ್ರಾಯ.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಚಿತ್ರ ನೋಡಿ ರೋಗ ಗುರುತಿಸುವ ನ್ಯೂರಲ್ ನೆಟ್‌ವರ್ಕ್ ತನ್ನ ಉತ್ತರದ ಜೊತೆಗೆ 0.97 ಎಂಬಂತಹ ಅಂಕಿಯನ್ನೂ ಕೊಡುತ್ತದೆ. ಅದನ್ನು ‘ನೂರಕ್ಕೆ ತೊಂಬತ್ತೇಳು ಸಲ ಸರಿ’ ಎಂದು ಓದಿಕೊಳ್ಳುವುದು ಸಹಜ. ಆದರೆ ಅಂದಿನ ಆಳವಾದ ನೆಟ್‌ವರ್ಕ್‌ಗಳಿಗೆ ತಮ್ಮ ನಿಖರತೆಯನ್ನು ಮೀರಿದ ಆತ್ಮವಿಶ್ವಾಸವಿದೆಯೆಂದೂ, ನೆಟ್‌ವರ್ಕ್‌ನ ಒಳ ಅಂಕಗಳನ್ನೆಲ್ಲ ಒಂದೇ ಸಂಖ್ಯೆಯಿಂದ ಭಾಗಿಸುವ ‘ಟೆಂಪರೇಚರ್ ಸ್ಕೇಲಿಂಗ್’ ಎಂಬ ಸರಳ ಉಪಾಯದಿಂದ ಅದನ್ನು ಬಹುಮಟ್ಟಿಗೆ ತಿದ್ದಬಹುದೆಂದೂ 2017ರ ಒಂದು ಪ್ರಸಿದ್ಧ ಅಧ್ಯಯನ ತೋರಿಸಿತು. ತಿದ್ದುಪಡಿ ಒಳ್ಳೆಯದೇ, ಆದರೆ ಅದರಲ್ಲಿ ಗ್ಯಾರಂಟಿಯಿಲ್ಲ. ಗ್ಯಾರಂಟಿ ಬೇಕೆನ್ನುವವರು ಹೋಗಿ ಸೇರುವುದು ವ್ಲಾದಿಮಿರ್ ವೋವ್ಕ್ ಮತ್ತು ಸಂಗಡಿಗರು 1990ರ ದಶಕದ ಕೊನೆಯ ಹೊತ್ತಿಗೆ ರೂಪಿಸತೊಡಗಿದ ಕನ್ಫಾರ್ಮಲ್ ಪ್ರಿಡಿಕ್ಷನ್ ಎಂಬ ವಿಧಾನಕ್ಕೆ. ಕಲಿಕೆಗೆ ಬಳಸದ ಕೆಲವು ಉದಾಹರಣೆಗಳನ್ನು ಪಕ್ಕಕ್ಕೆ ತೆಗೆದಿಟ್ಟು, ಪ್ರತಿಯೊಂದರಲ್ಲೂ ಮಾಡೆಲ್ ಎಷ್ಟು ಎಡವಿತು ಎಂಬುದಕ್ಕೆ ಒಂದು ಅಂಕ ಕೊಟ್ಟು, ಆ ಅಂಕಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ತಕ್ಕ ಸ್ಥಾನದಲ್ಲಿರುವ ಅಂಕವನ್ನು ಮಿತಿಯಾಗಿ ಹಿಡಿಯುವುದು ಅದರ ಕ್ರಮ. ಹೊಸ ಚಿತ್ರ ಬಂದಾಗ ಆ ಮಿತಿಯೊಳಗೆ ಬರುವ ಉತ್ತರಗಳನ್ನೆಲ್ಲ ಒಂದು ಗುಂಪಾಗಿ ಕೊಡುತ್ತೇವೆ. ಹೊಸ ಚಿತ್ರವೂ ತೆಗೆದಿಟ್ಟ ಚಿತ್ರಗಳೂ ಒಂದೇ ಮೂಲದಿಂದ ಬಂದವಾಗಿದ್ದರೆ, ಸರಿಯಾದ ಉತ್ತರ ಆ ಗುಂಪಿನಲ್ಲಿರುವ ಸಂಭವನೀಯತೆ ನಾವು ಕೇಳಿದ ಮಟ್ಟಕ್ಕಿಂತ, ಉದಾಹರಣೆಗೆ 90 ಶೇಕಡಾಕ್ಕಿಂತ, ಕಡಿಮೆಯಾಗುವುದಿಲ್ಲ. ಮಾಡೆಲ್ ಎಷ್ಟೇ ದಡ್ಡವಾಗಿದ್ದರೂ ಈ ಮಾತು ನಿಲ್ಲುತ್ತದೆ. ಮಾಡೆಲ್ ದಡ್ಡವಾದಷ್ಟೂ ಗುಂಪು ದೊಡ್ಡದಾಗುತ್ತದೆ, ಅಷ್ಟೇ.

ಇದರ ಗಣಿತ ಅರ್ಧ ಪುಟದ್ದು, ಕೋಡ್ ಕೆಲವೇ ಸಾಲುಗಳದ್ದು. ಮ್ಯಾಪೀಯಂತಹ ಒಳ್ಳೆಯ ಲೈಬ್ರರಿಗಳೂ ಆಗಲೇ ಇದ್ದವು. ಹಾಗಿರುವಾಗ ಇನ್ನೊಂದು ಏಕೆ ಎಂದು ಡಾಕ್ಟೋರಲ್ ಕಮಿಟಿ ಕೇಳಿದ್ದು ನ್ಯಾಯವೇ ಆಗಿತ್ತು. ವೈದ್ಯಕೀಯ ಚಿತ್ರಗಳಂತೆ ಉದಾಹರಣೆಗಳು ಕಡಿಮೆಯಿರುವ, ರೋಗದ ಒಂದೊಂದು ಹಂತಕ್ಕೂ ಬೇರೆ ಬೇರೆ ಗ್ಯಾರಂಟಿ ಬೇಕಾಗುವ ಕಡೆ ಈ ವಿಧಾನ ಹೇಗೆ ನಡೆದುಕೊಳ್ಳುತ್ತದೆ ಎಂಬುದಷ್ಟನ್ನೇ ನಾನು ಆರಿಸಿಕೊಂಡಿದ್ದೇನೆಂದೂ, ಆ ಇಕ್ಕಟ್ಟಿನ ಜಾಗಕ್ಕೆ ಒಪ್ಪುವ ತಂತ್ರಾಂಶ ಬೇಕೆಂದೂ ಉತ್ತರಿಸಿದೆ. ಗೈಡ್ ಮೇಡಂ ಒಪ್ಪಿದರು, ಆದರೆ ಹೊರಗೆ ಬಂದ ಮೇಲೆ, ‘ನೋಡು, ಗಿಟ್‌ಹಬ್ ನಕ್ಷತ್ರ ಎಣಿಸೋ ಕೆಲಸ ಬೇಡ. ನಕ್ಷತ್ರ ಎಣಿಸೋಕೆ ಖಗೋಳ ವಿಭಾಗ ಬೇರೆ ಇದೆ’ ಎಂದರು. (ಗಿಟ್‌ಹಬ್ ಎಂಬ ಕೋಡ್ ಹಂಚುವ ತಾಣದಲ್ಲಿ ಮೆಚ್ಚುಗೆಗೆ ಒತ್ತುವ ಗುರುತು ನಕ್ಷತ್ರ.) ಮೇಡಂ ಅವರ ಆ ಮಾತನ್ನು ನಾನು ನಿಯಮವಾಗಿಯೇ ತೆಗೆದುಕೊಂಡೆ. ಯುಜಿಸಿಯ 2022ರ ನಿಯಮಾವಳಿಯು ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟವಾಗಿರಲೇಬೇಕೆಂಬ ಹಿಂದಿನ ಕಡ್ಡಾಯವನ್ನು ಕೈಬಿಟ್ಟಿದ್ದರೂ, ನಮ್ಮ ವಿಭಾಗದ ಒಳನಿಯಮ ಲೇಖನಗಳನ್ನೇ ಎಣಿಸುತ್ತಿತ್ತು. ತಂತ್ರಾಂಶಕ್ಕೆ ಆ ನಮೂನೆಯಲ್ಲಿ ಅಂಕಣವೇ ಇರಲಿಲ್ಲ. ಆದ್ದರಿಂದ ಕೋಡಿನ ಪ್ರತಿಯೊಂದು ಭಾಗವೂ ಯಾವುದಾದರೊಂದು ಅಧ್ಯಾಯದಲ್ಲಿ ಕೆಲಸಕ್ಕೆ ಬರಬೇಕಿತ್ತು.

ಅಧ್ಯಾಯಗಳು ಕೋಡಿನಿಂದ ಹೇಗೆ ಹುಟ್ಟಿದವೆಂಬುದಕ್ಕೆ ಒಂದು ಪುಲ್ ರಿಕ್ವೆಸ್ಟಿನ, ಅಂದರೆ ಕೋಡನ್ನು ಹೀಗೆ ಬದಲಿಸಿ ಎಂದು ಕಳಿಸುವ ಪ್ರಸ್ತಾವದ, ಕಥೆ ಸಾಕು. ಮಿತಿಯ ಅಂಕವನ್ನು ಹುಡುಕಲು ನಾನು ಬರೆದಿದ್ದ ನಾಲ್ಕು ಸಾಲುಗಳನ್ನು ತೆಗೆದು, ಪೈಥಾನ್‌ನಲ್ಲಿ ಸಂಖ್ಯೆಗಳ ಲೆಕ್ಕಕ್ಕೆ ಬಳಸುವ ನಂಪೈ ಲೈಬ್ರರಿಯ ಕ್ವಾಂಟೈಲ್ ಫಂಕ್ಷನ್ನನ್ನು 0.9 ಕೊಟ್ಟು ಕರೆದರೆ ಒಂದೇ ಸಾಲಿನಲ್ಲಿ ಮುಗಿಯುತ್ತದಲ್ಲ ಎಂದು ಒಬ್ಬರು ಸಲಹೆ ಕಳಿಸಿದ್ದರು. ನೋಡಲು ಚೊಕ್ಕಟವಾಗಿತ್ತು. ಆದರೆ 19 ಉದಾಹರಣೆಗಳಿದ್ದಾಗ ಸಿದ್ಧಾಂತ ಕೇಳುವುದು ಹೊಸ ಚಿತ್ರವನ್ನೂ ಸೇರಿಸಿಕೊಂಡು 20ರ 90 ಶೇಕಡಾ, ಅಂದರೆ 18ನೆಯ ಅಂಕವನ್ನು. ನಂಪೈ ತನ್ನ ಡೀಫಾಲ್ಟ್ ಕ್ರಮದಲ್ಲಿ 17ನೆಯ ಮತ್ತು 18ನೆಯ ಅಂಕಗಳ ನಡುವಿನ ಒಂದು ಬೆಲೆಯನ್ನು ಕೊಡುತ್ತದೆ, ಅದೂ 17ರ ಕಡೆಗೇ ವಾಲಿಕೊಂಡು. ಉದಾಹರಣೆಗಳು ಸಾವಿರಗಟ್ಟಲೆ ಇದ್ದರೆ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಹತ್ತೊಂಬತ್ತರಲ್ಲಿ 90 ಶೇಕಡಾದ ಗ್ಯಾರಂಟಿ ಮುರಿದುಬೀಳುತ್ತದೆ. ಅದೇ ಲೆಕ್ಕವನ್ನು ಇನ್ನೂ ಕೆಳಗೆ ಒಯ್ದರೆ, ಎಂಟು ಉದಾಹರಣೆಗಳಿಂದ 90 ಶೇಕಡಾದ ಯಾವ ಮಿತಿಯೂ ಸಿಗುವುದಿಲ್ಲ, ಕನಿಷ್ಠ ಒಂಬತ್ತು ಬೇಕು. 99 ಶೇಕಡಾ ಬೇಕೆಂದರೆ ಕನಿಷ್ಠ 99 ಬೇಕು. ಅದಕ್ಕಿಂತ ಕಡಿಮೆಯಿದ್ದಾಗ ಸಿದ್ಧಾಂತದ ಏಕೈಕ ಪ್ರಾಮಾಣಿಕ ಉತ್ತರವೆಂದರೆ ಎಲ್ಲ ಸಾಧ್ಯತೆಗಳನ್ನೂ ಗುಂಪಿನಲ್ಲಿಟ್ಟು ಕೊಡುವುದು. ‘ನಿಮ್ಮ ಲೈಬ್ರರಿ ಕೆಟ್ಟಿದೆ, ಏನು ಕೇಳಿದರೂ ರೋಗದ ಐದೂ ಗ್ರೇಡ್ ಕೊಡುತ್ತದೆ’ ಎಂಬ ದೂರು ಬಂದದ್ದು ಇದರಿಂದಲೇ. ಎರರ್ ಕೊಟ್ಟು ನಿಲ್ಲಿಸುವುದೋ, ಸುಮ್ಮನೆ ಪೂರ್ಣ ಗುಂಪು ಕೊಡುವುದೋ ಎಂಬ ಚರ್ಚೆ ಸಾಕಷ್ಟು ನಡೆದು, ಕೊನೆಗೆ ಪೂರ್ಣ ಗುಂಪನ್ನೂ ಕೊಟ್ಟು ಇನ್ನೆಷ್ಟು ಉದಾಹರಣೆ ಬೇಕೆಂಬ ಎಚ್ಚರಿಕೆಯನ್ನೂ ಮುದ್ರಿಸುವುದೆಂದು ತೀರ್ಮಾನವಾಯಿತು.

ಇದು ನಿಜವಾಗಿ ಬಿಸಿ ಮುಟ್ಟಿಸಿದ್ದು ಕಣ್ಣಿನ ಚಿತ್ರಗಳಲ್ಲಿ. ತಮಿಳುನಾಡಿನ ಅರವಿಂದ ಕಣ್ಣಾಸ್ಪತ್ರೆಯಿಂದ 2019ರಲ್ಲಿ ಬಿಡುಗಡೆಯಾದ ಆಪ್ಟಾಸ್ ದತ್ತಸಂಗ್ರಹದ ಕಲಿಕಾ ಭಾಗದಲ್ಲಿ ಅಕ್ಷಿಪಟಲದ 3,662 ಚಿತ್ರಗಳಿವೆ. ಮಧುಮೇಹದಿಂದಾದ ಹಾನಿಯನ್ನು 0ಯಿಂದ 4ರವರೆಗೆ ಗ್ರೇಡ್ ಮಾಡಲಾಗಿದೆ. ಅವುಗಳಲ್ಲಿ 1,805 ಚಿತ್ರಗಳು ಹಾನಿಯಿಲ್ಲದವು, ತೀವ್ರ ಹಂತದವು 193 ಮಾತ್ರ. ಒಟ್ಟಾರೆ 90 ಶೇಕಡಾ ಗ್ಯಾರಂಟಿಯನ್ನು ಹಾನಿಯಿಲ್ಲದ ಚಿತ್ರಗಳೇ ಬಹುಪಾಲು ತುಂಬಿಕೊಟ್ಟು, ತೀವ್ರ ಹಂತದ ರೋಗಿಗಳ ವಿಷಯದಲ್ಲಿ ಮಾಡೆಲ್ ಪದೇ ಪದೇ ತಪ್ಪಿದರೂ ಲೆಕ್ಕ ಸರಿಯಾಗಿಯೇ ಕಾಣಬಹುದು. ಆದ್ದರಿಂದ ಗ್ರೇಡ್‌ವಾರು ಗ್ಯಾರಂಟಿ ಬೇಕು. ಆದರೆ ಐದನೆಯ ಒಂದು ಭಾಗವನ್ನು ತೆಗೆದಿಟ್ಟರೆ ತೀವ್ರ ಹಂತಕ್ಕೆ ಸಿಗುವುದು ಸುಮಾರು 38 ಚಿತ್ರ. 95 ಶೇಕಡಾ ಕೇಳಿದರೆ ಲೆಕ್ಕ 38ನೆಯ ಅಂಕಕ್ಕೇ ಬಂದು ನಿಲ್ಲುತ್ತದೆ. ಅಂದರೆ ಮಸುಕಾಗಿ ತೆಗೆದ ಒಂದೇ ಒಂದು ಚಿತ್ರ ಇಡೀ ಹಂತದ ಮಿತಿಯನ್ನು ನಿರ್ಧರಿಸಿಬಿಡಬಹುದು. ಈ ಇಕ್ಕಟ್ಟನ್ನು ಬಿಡಿಸುವ ಪ್ರಯತ್ನವೇ ನನ್ನ ಮೂರನೆಯ ಅಧ್ಯಾಯ: ಹತ್ತಿರದ ಗ್ರೇಡ್‌ಗಳನ್ನು ಯಾವಾಗ ಒಟ್ಟುಗೂಡಿಸಬಹುದು, ಹಾಗೆ ಮಾಡಿದಾಗ ಗ್ಯಾರಂಟಿಯ ಮಾತನ್ನು ಹೇಗೆ ಬದಲಿಸಿ ಹೇಳಬೇಕು ಎಂಬುದು ಅದರ ವಿಷಯ.

ಟೆಸ್ಟ್ ಬರೆಯುವ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ನಾಲ್ಕನೆಯ ಅಧ್ಯಾಯ ಹುಟ್ಟಿದ್ದು ಅಲ್ಲಿ. ಸಾಮಾನ್ಯ ತಂತ್ರಾಂಶದಲ್ಲಿ ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕು ಬರಬೇಕೆಂದು ಟೆಸ್ಟ್ ಬರೆಯಬಹುದು. ನಮ್ಮಲ್ಲಿ ‘ಸರಿಯುತ್ತರ ಗುಂಪಿನಲ್ಲಿರುವ ಪ್ರಮಾಣ 0.9ಕ್ಕಿಂತ ಕಡಿಮೆಯಿರಬಾರದು’ ಎಂದು ಬರೆದರೆ, ಕೋಡ್ ಸಂಪೂರ್ಣ ಸರಿಯಿದ್ದರೂ ಆ ಟೆಸ್ಟ್ ಹೆಚ್ಚುಕಡಿಮೆ ಅರ್ಧದಷ್ಟು ಸಲ ಬೀಳುತ್ತದೆ. ಗ್ಯಾರಂಟಿ ಸರಾಸರಿಯದ್ದು; 1,000 ಉದಾಹರಣೆಗಳಿಂದ ಮಿತಿ ಕಟ್ಟಿದಾಗ ನಿಜವಾದ ಪ್ರಮಾಣ ಒಮ್ಮೊಮ್ಮೆ 0.88ರ ಹತ್ತಿರ, ಒಮ್ಮೊಮ್ಮೆ 0.92ರ ಹತ್ತಿರ ಓಡಾಡುವುದು ಸಹಜ, ಮತ್ತು ಆ ಓಡಾಟಕ್ಕೆ ಬೀಟಾ ವಿತರಣೆಯೆಂಬ ಸ್ಪಷ್ಟ ರೂಪವಿದೆ. ಲೈಬ್ರರಿಗೆ ಕೈಜೋಡಿಸಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ, ‘ಸರ್, ರ‍್ಯಾಂಡಮ್ ಸೀಡನ್ನು 42ಕ್ಕೆ ಕಟ್ಟಿಹಾಕಿದ್ರೆ ಟೆಸ್ಟ್ ಯಾವತ್ತೂ ಬೀಳಲ್ಲ’ ಎಂದ. ನಿಜ, ಸೀಡ್, ಅಂದರೆ ರ‍್ಯಾಂಡಮ್ ಸಂಖ್ಯೆಗಳನ್ನು ಹುಟ್ಟಿಸುವ ಆರಂಭದ ಅಂಕಿ, ಬದಲಾಗದಿದ್ದರೆ ಪ್ರತಿ ಸಲವೂ ಅದೇ ಫಲಿತಾಂಶ ಬರುತ್ತದೆ; ಕೋಡ್ ತಪ್ಪಾಗಿದ್ದರೂ ಟೆಸ್ಟ್ ಬೀಳದಿರಬಹುದು. ಸೀಡ್ ಕಟ್ಟಿಹಾಕುವುದರ ಬದಲು ಅನೇಕ ಸೀಡ್‌ಗಳ ಮೇಲೆ ಓಡಿಸಿ, ಬಂದ ಪ್ರಮಾಣಗಳೆಲ್ಲ ಸಿದ್ಧಾಂತ ಹೇಳುವ ವಿತರಣೆಗೆ ಹೊಂದುತ್ತವೆಯೇ ಎಂದು ನೋಡುವ ಟೆಸ್ಟನ್ನು ಇಬ್ಬರೂ ಕೂತು ಬರೆದೆವು. ಪರೀಕ್ಷೆಗೆ ಬಳಸುವ ಉದಾಹರಣೆಗಳೂ ಸೀಮಿತವಾದ್ದರಿಂದ ಬೀಟಾ-ಬೈನಾಮಿಯಲ್ ವಿತರಣೆಯನ್ನು ಹಿಡಿಯಬೇಕಾಯಿತು. ಮೇಲಿನ ನಂಪೈ ಸಲಹೆಯಂತಹ ಒಂದು ಸ್ಥಾನದ ವ್ಯತ್ಯಾಸವನ್ನೂ ಅದು ಹಿಡಿದುಹಾಕುತ್ತದೆ. ಪ್ರಯೋಗಾಲಯದ ಸರ್ವರನ್ನು ಇದಕ್ಕೆ ಕೇಳುವ ಅಗತ್ಯ ಬೀಳಲಿಲ್ಲ. ಸಾರ್ವಜನಿಕ ಕೋಡ್ ರೆಪೊಸಿಟರಿಗಳಿಗೆ, ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಗಿಟ್‌ಹಬ್ ಆಕ್ಷನ್ಸ್ ಸೇವೆ ಉಚಿತ, ಮತ್ತು ಆಗ ತಿಂಗಳಿಗೆ 37,000 ರೂಪಾಯಿಯಿದ್ದ ಜೆಆರ್‌ಎಫ್ ಸಂಶೋಧನಾ ವೇತನ ನಂಬಿ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುತ್ತಿದ್ದವನಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ.

ಗ್ಯಾರಂಟಿ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ತಂತ್ರಾಂಶವೇ ಹೇಳಬೇಕಿತ್ತು. ಅರವಿಂದದ ಚಿತ್ರಗಳಿಂದ ಕಟ್ಟಿದ ಮಿತಿಯನ್ನು ಮಹಾರಾಷ್ಟ್ರದ ನಾಂದೇಡ್‌ನ ಕಣ್ಣಿನ ಚಿಕಿತ್ಸಾಲಯವೊಂದರಲ್ಲಿ ತೆಗೆದ 516 ಚಿತ್ರಗಳ ಐಡ್ರಿಡ್ ಸಂಗ್ರಹಕ್ಕೆ ಹಚ್ಚಿದಾಗ, ಪ್ರಮಾಣ ಕೇಳಿದ ಮಟ್ಟಕ್ಕಿಂತ ಕೆಳಗಿಳಿಯಿತು. ಕ್ಯಾಮೆರಾ ಬೇರೆ, ಬರುವ ರೋಗಿಗಳು ಬೇರೆ, ಗ್ರೇಡ್ ಮಾಡಿದವರ ಕಣ್ಣೂ ಬೇರೆ. ‘ಒಂದೇ ಮೂಲ’ ಎಂಬ ಷರತ್ತು ಅಲ್ಲಿ ಇಲ್ಲ. ಹೀಗಾಗಿ ಲೈಬ್ರರಿಯ ಕೈಪಿಡಿಯ ಮೊದಲ ಪುಟದಲ್ಲೇ, ಇನ್‌ಸ್ಟಾಲ್ ಮಾಡುವ ವಿಧಾನಕ್ಕೂ ಮುಂಚೆ, ನಿಮ್ಮದೇ ಆಸ್ಪತ್ರೆಯ ಗ್ರೇಡ್ ಮಾಡಿದ ಚಿತ್ರಗಳಿಂದಲೇ ಮಿತಿ ಕಟ್ಟಿಕೊಳ್ಳಿ ಎಂಬ ಮಾತನ್ನು ಹಾಕಿದೆ. ಇದರಿಂದ ಬಳಕೆದಾರರು ಕಡಿಮೆಯಾಗುತ್ತಾರೆಂದು ಕೆಲವರು ಹೇಳಿದರು. ಆಗಿರಬಹುದು.

ಸಮಯದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಇಶ್ಯೂಗಳಿಗೆ, ಅಂದರೆ ಬಳಕೆದಾರರು ಬರೆಯುವ ದೂರು ಪ್ರಶ್ನೆಗಳಿಗೆ, ಶುಕ್ರವಾರ ಮಧ್ಯಾಹ್ನ ಮಾತ್ರ ಉತ್ತರಿಸುತ್ತಿದ್ದೆ, ಮತ್ತು ಅದನ್ನು ಎಲ್ಲರಿಗೂ ಕಾಣುವಂತೆ ಬರೆದಿಟ್ಟಿದ್ದೆ. ಟೈಮ್ ಸೀರೀಸ್, ಭಾಷಾ ಮಾಡೆಲ್‌ಗಳು ಮುಂತಾದವಕ್ಕೆ ಬೇಡಿಕೆ ಬಂದಾಗ ಬೇರೆ ಲೈಬ್ರರಿಗಳ ದಾರಿ ತೋರಿಸಿ ಇಲ್ಲವೆಂದೆ. ಯಾವುದು ಈ ಲೈಬ್ರರಿಯಲ್ಲಿ ಇರುವುದಿಲ್ಲವೆಂಬ ಪುಟ, ಏನಿದೆಯೆಂಬ ಪುಟದಷ್ಟೇ ಉದ್ದವಾಗಿತ್ತು. ಯಾರು ಬೇಕಾದರೂ ಬಳಸಬಹುದೆನ್ನುವ ಬಿಎಸ್‌ಡಿ ಲೈಸೆನ್ಸ್ ಹಾಕುವ ಮುನ್ನವೇ ಸಂಸ್ಥೆಯಿಂದ ಲಿಖಿತ ಅನುಮತಿ ಪಡೆದಿಟ್ಟುಕೊಳ್ಳುವುದನ್ನು ಮಾತ್ರ ಯಾರೂ ಮುಂದೂಡಬಾರದು. ಫೆಲೋಶಿಪ್‌ನಲ್ಲಿರುವವರು ಬರೆದ ಕೋಡಿನ ಒಡೆತನ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುತ್ತದೆ, ಹೊರಗಿನವರ ಕೊಡುಗೆ ಬೆರೆತ ಮೇಲೆ ಆ ಗಂಟು ಬಿಚ್ಚುವುದು ಕಷ್ಟ.

ಪ್ರಬಂಧ ಬರೆಯುವ ಹಂತದಲ್ಲಿ ಲೈಬ್ರರಿಯನ್ನು ಎರಡು ಕವಲಾಗಿ ಮಾಡಿದ್ದು ನನ್ನನ್ನು ಕಾಪಾಡಿತು. 2024ರ ಜೂನ್‌ನಲ್ಲಿ ನಂಪೈ 2.0 ಬಂದಾಗ ಹಳೆಯ ಕೋಡ್ ಬಹಳ ಕಡೆ ಒಡೆಯಿತು. ಮುಖ್ಯ ಕವಲು ಹೊಸದಕ್ಕೆ ಹೊಂದಿಕೊಂಡಿತು; ಪ್ರಬಂಧದ ಕವಲು ಮಾತ್ರ ತನ್ನ ಹಳೆಯ ಆವೃತ್ತಿಗಳೊಂದಿಗೆ ಹೆಪ್ಪುಗಟ್ಟಿ ನಿಂತಿತು, ಅದಕ್ಕೆ ಝೆನೋಡೋ ಎಂಬ ಸಂಶೋಧನಾ ಸಂಗ್ರಹತಾಣದಲ್ಲಿ ಡಿಒಐ ಎಂಬ ಶಾಶ್ವತ ಗುರುತುಸಂಖ್ಯೆ ಪಡೆದೆ, ಪ್ರಬಂಧದ ಪ್ರತಿಯೊಂದು ಚಿತ್ರದ ಕೆಳಗೂ ಅದನ್ನು ಮತ್ತೆ ತಯಾರಿಸುವ ಆದೇಶವನ್ನು ಬರೆದೆ. ಲೈಬ್ರರಿಯನ್ನು ‘ಜರ್ನಲ್ ಆಫ್ ಓಪನ್ ಸೋರ್ಸ್ ಸಾಫ್ಟ್‌ವೇರ್’ಗೆ ಕಳಿಸಿದ್ದೂ ಇದೇ ಹೊತ್ತಿಗೆ. 2016ರಿಂದ ನಡೆಯುತ್ತಿರುವ ಈ ಪತ್ರಿಕೆಯಲ್ಲಿ ವಿಮರ್ಶೆ ಎಲ್ಲರೆದುರೇ ನಡೆಯುತ್ತದೆ; ವಿಮರ್ಶಕರು ತಂತ್ರಾಂಶವನ್ನು ತಮ್ಮ ಯಂತ್ರದಲ್ಲಿ ಹಾಕಿಕೊಂಡು, ಲೈಸೆನ್ಸ್, ಕೈಪಿಡಿ, ಟೆಸ್ಟ್ ಒಂದೊಂದಕ್ಕೂ ಗುರುತು ಹಾಕುತ್ತಾ ಹೋಗುತ್ತಾರೆ. ವಿಭಾಗದ ನಮೂನೆಯಲ್ಲಿ ಕೊನೆಗೂ ತಂತ್ರಾಂಶವು ‘ಲೇಖನ’ ಎಂಬ ಅಂಕಣದಲ್ಲಿ ಜಾಗ ಪಡೆಯಿತು.

ವೈವಾದಲ್ಲಿ ಹೊರಗಿನ ಪರೀಕ್ಷಕರು ಪ್ರಮೇಯಗಳನ್ನು ಬೇಗ ದಾಟಿ ಒಂದು ಪ್ರಶ್ನೆಯಲ್ಲಿ ನಿಂತರು: ‘ಮೂರು ಗ್ರೇಡ್‌ಗಳ ಗುಂಪನ್ನು ಉತ್ತರವಾಗಿ ಕೊಟ್ಟರೆ ತಪಾಸಣಾ ಶಿಬಿರದಲ್ಲಿ ಕೂತ ಆಪ್ಟೊಮೆಟ್ರಿಸ್ಟ್ ಏನು ಮಾಡಬೇಕ್ರೀ?’ ಅಂತಹ ಶಿಬಿರದಲ್ಲಿ ನಿರ್ಧಾರ ಒಂದೇ, ರೋಗಿಯನ್ನು ಕಣ್ಣಾಸ್ಪತ್ರೆಗೆ ಕಳಿಸಬೇಕೋ ಬೇಡವೋ ಎಂಬುದು. ಸಾಮಾನ್ಯವಾಗಿ 2 ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಇದ್ದರೆ ಕಳಿಸುತ್ತಾರೆ. ಗುಂಪಿನಲ್ಲಿ 0 ಮತ್ತು 1 ಮಾತ್ರ ಇದ್ದರೂ, 2, 3, 4 ಮೂರೂ ಇದ್ದರೂ ನಿರ್ಧಾರದಲ್ಲಿ ಗೊಂದಲವಿಲ್ಲ. 1 ಮತ್ತು 2ರಂತೆ ಆ ಗೆರೆಯ ಎರಡೂ ಬದಿಯ ಗ್ರೇಡ್‌ಗಳು ಒಟ್ಟಿಗೆ ಬಂದಾಗ ಮಾತ್ರ ಮನುಷ್ಯರ ಕಣ್ಣು ಬೇಕು, ಮತ್ತು ಎಷ್ಟು ಚಿತ್ರಗಳಲ್ಲಿ ಹಾಗಾಗುತ್ತದೆಂದು ಎಣಿಸುವ ಫಂಕ್ಷನ್ ಲೈಬ್ರರಿಯಲ್ಲಿ ಆಗಲೇ ಇತ್ತು. ಅದನ್ನು ಅಲ್ಲೇ ಓಡಿಸಿ ತೋರಿಸಿದೆ.

ಪದವಿಯಾದ ಮೇಲೆ ಲೈಬ್ರರಿಯನ್ನು ಯಾರ ಕೈಗೆ ಕೊಡುವುದೆಂಬುದು ನಾನು ನೆನೆದದ್ದಕ್ಕಿಂತ ದೊಡ್ಡ ಪ್ರಶ್ನೆಯಾಯಿತು. 2024ರ ಮಾರ್ಚ್‌ನಲ್ಲಿ ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಮುಕ್ತ ತಂತ್ರಾಂಶದ ಪ್ರಕರಣ ಬೆಳಕಿಗೆ ಬಂದಿತ್ತು: ದಣಿದಿದ್ದ ನಿರ್ವಾಹಕರಿಗೆ ಬಹುಕಾಲ ಸಹಾಯ ಮಾಡುತ್ತಾ ವಿಶ್ವಾಸ ಗಳಿಸಿದ ಖಾತೆಯೊಂದು ಅದರಲ್ಲಿ ಗುಟ್ಟಾಗಿ ಒಳನುಗ್ಗುವ ಹಿಂಬಾಗಿಲನ್ನು ಸೇರಿಸಿತ್ತು. ವಿಶ್ವಾಸಾರ್ಹತೆಯ ಮೇಲೆ ಪ್ರಬಂಧ ಬರೆದವನು ಪಾಸ್‌ವರ್ಡ್ ಕೊಟ್ಟು ಕೈತೊಳೆದುಕೊಳ್ಳುವಂತಿರಲಿಲ್ಲ. ಈಗ ನಿರ್ವಾಹಕರು ಇಬ್ಬರು. ಟೆಸ್ಟ್ ಬರೆಯಲು ಜೊತೆ ಕೂತಿದ್ದ ಆ ವಿದ್ಯಾರ್ಥಿ ಅವರಲ್ಲೊಬ್ಬ. ಪೈಥಾನ್ ಲೈಬ್ರರಿಗಳನ್ನು ಹಂಚುವ ಪೈಪಿಐ ತಾಣಕ್ಕೆ ಹೋಗುವ ಪ್ರತಿ ರಿಲೀಸ್ ಸಾರ್ವಜನಿಕ ಕೋಡಿನಿಂದ ನೇರವಾಗಿ ತಯಾರಾಗುತ್ತದೆ, ಯಾರ ಲ್ಯಾಪ್‌ಟಾಪಿನಿಂದಲೂ ಅಲ್ಲ, ಮತ್ತು ಅದಕ್ಕೆ ಇಬ್ಬರ ಸಮ್ಮತಿಯೂ ಬೇಕು. ಸೀಡ್‌ಗಳ ಆ ಟೆಸ್ಟ್ ಇರುವ ಫೈಲನ್ನು ಬದಲಿಸುವ ಪುಲ್ ರಿಕ್ವೆಸ್ಟ್ ಬಂದರೆ ಮಾತ್ರ ನನ್ನ ಒಪ್ಪಿಗೆಯನ್ನೂ ಕೇಳುತ್ತಾರೆ.