ಎರಿ ನೆಲದ ಉದ್ಯಾನದಲ್ಲಿ ನಡಿಗೆ ದಾರಿ: ನನ್ನ ಅನುಭವ

ವಿಜಯಪುರ ಸುತ್ತಿನ ಎರಿ ಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು, ನೀರು ಹಿಡಿದಿಟ್ಟುಕೊಳ್ಳುವುದರಿಂದಲೇ ಹಿಂಗಾರಿ ಬಿಳಿಜೋಳ ಬರುತ್ತದೆ. ಉದ್ಯಾನದ ದಾರಿ ಕೆಡುವುದೂ ಅದೇ ಗುಣದಿಂದ. ಮಳೆಗೆ ಉಬ್ಬುವ ಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಪೇವರ್ ಜೋಡಿಸಿದರೆ ಬೇಗ ಏರುಪೇರಾಗಿ, ನಸುಕಿನಲ್ಲಿ ನಡೆಯುವ ಹಿರಿಯರು ಎಡವುತ್ತಾರೆ. ಹಾಗಾಗಿ ನಾನು ಗರಸಿನ (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣಿನ) ದಾರಿಯನ್ನೇ ಮಾಡುತ್ತೇನೆ. ನೆಲ ಅಲುಗಿದರೂ ರಿಪೇರಿ ಸುಲಭ.

ಕೆಲಸ ಹಿಡಿಯಬೇಕಾದದ್ದು ದೀಪಾವಳಿಯ ನಂತರ. ಸೆಪ್ಟೆಂಬರಿನ ದೊಡ್ಡ ಮಳೆ ಮುಗಿದು ಮಣ್ಣಿನಲ್ಲಿ ಹದ ಇನ್ನೂ ಇರುತ್ತದೆ. ಮೇ ತಿಂಗಳಲ್ಲಿ ಬಿರುಕಿನ ಮೇಲೆ ಗರಸು ಹಾಕಿದರೆ ಮೊದಲ ಮಳೆಗೇ ಕೆಳಗಿನ ಮಣ್ಣು ದಾರಿಯನ್ನು ಎತ್ತುತ್ತದೆ.

ಅಗಲ 6 ಅಡಿ ಇರಲಿ, ಇಬ್ಬರು ಜೋಡಿಯಾಗಿ ನಡೆದರೂ ಎದುರು ಬಂದವರಿಗೆ ಜಾಗ ಸಿಗುತ್ತದೆ. 9 ಇಂಚು ಅಗೆದು ತಳಕ್ಕೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಬೇಕು, ಜೋಡಣೆಯಲ್ಲಿ ಒಂದಡಿ ಒಂದರ ಮೇಲೊಂದು ಬರಬೇಕು. ಬಟ್ಟೆ ಬಿಟ್ಟರೆ ಮಳೆಗಾಲದಲ್ಲಿ ರಾಡಿ ಮೇಲೆ ಬಂದು ಗರಸು ಕೆಳಗಿಳಿಯುತ್ತದೆ. ಗರಸನ್ನು 6 ಇಂಚಿನಂತೆ ಎರಡು ಸಲ ಹರಡಿ ರೋಲರ್ ಹೊಡೆದರೆ 9 ಇಂಚಿಗೆ ಕೂಡುತ್ತದೆ. 100 ಅಡಿ ಉದ್ದಕ್ಕೆ ಸುಮಾರು 6 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಬೇಕು. ಮೇಲೆ 2 ಇಂಚು ಕಲ್ಲುಪುಡಿಗೆ ಒಂದೂಕಾಲು ಬ್ರಾಸ್.

ಎಲ್ಲಕ್ಕಿಂತ ಮುಖ್ಯ ನೀರಿನ ಹದ. ಒಂದು ಹಿಡಿ ಗರಸು ಬಿಗಿಯಾಗಿ ಹಿಚುಕಿ ನೋಡಿ. ಉಂಡೆ ಕಟ್ಟಬೇಕು, ಹೆಬ್ಬೆರಳಿನಿಂದ ಒತ್ತಿದರೆ ಎರಡು ಮೂರು ಹೋಳಾಗಬೇಕು. ಉದುರಿದರೆ ನೀರು ಸಾಲದು. ಅಂಗೈ ಒದ್ದೆಯಾದರೆ ಹೆಚ್ಚಾಗಿದೆ, ರೋಲರಿಗೆ ಅಂಟಿ ಪದರ ಕಿತ್ತುಬರುತ್ತದೆ. ಹಿಮ್ಮಡಿ ಊರಿದರೆ ಗುರುತು ಬೀಳದಂತಾಗುವವರೆಗೆ ರೋಲರ್ ಓಡಿಸಬೇಕು.

ದಾರಿಯ ನಡುಭಾಗ ಅಂಚಿಗಿಂತ ಒಂದು ಇಂಚು ಎತ್ತರವಿರಲಿ. ಅಂಚಿಗೆ ಫರಸಿ ನಿಲ್ಲಿಸುವುದಾದರೆ ದಾರಿಯ ಮಟ್ಟಕ್ಕೇ ನಿಲ್ಲಿಸಿ. ಮೇಲೆದ್ದ ಅಂಚು ನೀರು ಕಟ್ಟುತ್ತದೆ. ಅಗೆದ ಮಣ್ಣನ್ನೂ ಪಕ್ಕದಲ್ಲಿ ಒಡ್ಡಿನಂತೆ ಬಿಡಬಾರದು. ಎರಡಡಿ ಆಚೆ ಸಣ್ಣ ಕಾಲುವೆ ತೆಗೆದು, 100 ಅಡಿಗೆ ಒಂದಡಿ ಇಳಿಜಾರು ಕೊಟ್ಟು, ಉದ್ಯಾನದ ಹೊರಗಿನ ಚರಂಡಿಗೆ ಸೇರಿಸಬೇಕು.

ನೆರಳಿಗೆ ಬೇವು, ಹೊಂಗೆ ಒಳ್ಳೆಯವು, ಆದರೆ ದಾರಿಯಿಂದ 8 ಅಡಿಯಾದರೂ ದೂರ ನೆಡಿ. ಅರಳಿ, ಬಸರಿ ಬೇರು ದಾರಿಯನ್ನೇ ಎತ್ತುತ್ತವೆ, ಅವುಗಳಿಗೆ ಉದ್ಯಾನದ ಮೂಲೆಯೇ ಸರಿ. ಅನೇಕರು ಮರೆಯುವ ಮಾತೊಂದಿದೆ: ಒಂದೇ ಬದಿಯ ಹುಲ್ಲಿಗೆ ದಿನಾ ಸ್ಪ್ರಿಂಕ್ಲರ್ ಬಿಟ್ಟರೆ ಆ ಬದಿಯ ಮಣ್ಣು ಮಾತ್ರ ಉಬ್ಬಿ ದಾರಿ ವಾಲುತ್ತದೆ. ದಾರಿಯಂಚಿನ ಗಿಡಗಳಿಗೆ ಡ್ರಿಪ್ ಹಾಕಿ.

ಮಳೆ ನಿಂತ ಮೇಲೆ ನೀರು ನಿಂತ ಕಡೆಯೆಲ್ಲ ಸುಣ್ಣದ ಗುರುತು ಹಾಕಿಡಿ. ಒಣಗಿದ ನಂತರ ಅಲ್ಲಿ 2 ಇಂಚು ಕೆದರಿ, ನೀರು ಚಿಮುಕಿಸಿ, ಹೊಸ ಕಲ್ಲುಪುಡಿ ಬೆರೆಸಿ ಬಡಿಯಬೇಕು. ಕೆದರದೆ ತೇಪೆ ಹಾಕಿದರೆ ಹಪ್ಪಳದಂತೆ ಏಳುತ್ತದೆ.